ಟಂಕಸಾಲೆಯ ನೆರಳಿನಲ್ಲಿ

ಕಲ್ಲಿನ ಸ್ಮಾರಕವು ನಿಲ್ಲಿಸಿದ ಕಡೆಯೇ ನಿಂತಿರುತ್ತದೆ. ಲೋಹದ ಸ್ಮಾರಕವಾದರೋ ಅಂಗೈಯಲ್ಲಿ ಕುಳಿತು ದೇಶಾಂತರ ಹೋಗುತ್ತದೆ. ರಷ್ಯದ ಚಕ್ರವರ್ತಿಗಳು ಇದನ್ನು ಚೆನ್ನಾಗಿ ಅರಿತಿದ್ದರು. 1700ರಿಂದ 1721ರವರೆಗೆ ಸ್ವೀಡನ್ನಿನೊಡನೆ ಕಾದಿದ ಪೀಟರ್ ಚಕ್ರವರ್ತಿಯು ತನ್ನ ಜಯಗಳನ್ನು ಯೂರೋಪಿಗೆಲ್ಲ ಸಾರಲು ಜರ್ಮನಿಯ ಕುಶಲಕರ್ಮಿ ಫಿಲಿಪ್ ಹೈನ್‌ರಿಖ್ ಮ್ಯೂಲರನಿಂದ 28 ಪದಕಗಳ ಮಾಲೆಯನ್ನೇ ಮಾಡಿಸಿದನು. ಮುಂಬದಿಯಲ್ಲಿ ದೊರೆಯ ಮುಖ, ಹಿಂಬದಿಯಲ್ಲಿ ಅವನ ಸಾಹಸ. ನೆಪೋಲಿಯನ್ನನನ್ನು ಹಿಮ್ಮೆಟ್ಟಿಸಿದ ಯೋಧರಿಗಿತ್ತ 1812ರ ಬೆಳ್ಳಿಯ ಪದಕದಲ್ಲಿ ಮಾತ್ರ ದೊರೆಯ ಮುಖವೇ ಇಲ್ಲ. ಅಲ್ಲಿರುವುದು ಎಲ್ಲವನ್ನೂ ಕಾಣುವ ದೇವರ ಕಣ್ಣು. ಕೀರ್ತಿಯೂ ದೇವರ ನಾಮಕ್ಕೇ ಸಲ್ಲಲೆಂಬುದು ಅದರ ಹಿಂಬದಿಯ ಬರಹದ ಭಾವ.

ಇಂಥವನ್ನು ಕೂಡಿಡಬೇಕೆಂಬ ಆಸೆ ಹಬ್ಬಿದಂತೆ ಒಂದು ತೊಡಕೂ ಹುಟ್ಟಿತು. ಮ್ಯೂಲರನ ಮಾಲೆಯನ್ನು ನೋಡಿ ಹದಿನೆಂಟನೆಯ ಶತಮಾನದಲ್ಲಿ ತಿಮೊಫೇಯ್ ಇವಾನೊವನು ಹೊಸ ಅಚ್ಚುಗಳನ್ನು ಕೊರೆದನು. ಅವನ ಹೆಸರಿನ ಮೊದಲಕ್ಷರಗಳಿರುವ ಪದಕವು, ಮೇಲೆ ಯಾವ ಇಸವಿಯೇ ಇರಲಿ, ಪೀಟರನ ಕಾಲದ್ದಲ್ಲ. ನಾಣ್ಯಗಳ ವಿಷಯದಲ್ಲಂತೂ ಸರಕಾರದ ಟಂಕಸಾಲೆಯೇ ಶ್ರೀಮಂತ ಸಂಗ್ರಾಹಕರು ಬಯಸಿದ ಹಳೆಯ ನಾಣ್ಯಗಳನ್ನು ಹೊಸದಾಗಿ ಹೊಡೆದು ಕೊಡುತ್ತಿತ್ತು. ರಷ್ಯನ್ನರು ಇವನ್ನು ‘ನೊವೊದೆಲ್’ ಎಂದು ಕರೆದರು. ಹೊಡೆದದ್ದು ಟಂಕಸಾಲೆಯೇ ಆದ್ದರಿಂದ ಖೋಟಾ ಎನ್ನುವಂತಿಲ್ಲ. ಆ ಕಾಲದ್ದಲ್ಲವಾದ್ದರಿಂದ ಅಸಲು ಎನ್ನುವಂತೆಯೂ ಇಲ್ಲ. ಹಣವಿದ್ದವನಿಗೆ ಇತಿಹಾಸವೂ ಹೇಳಿಸಿ ಮಾಡಿಸಿದ ಒಡವೆಯಂತೆ ದೊರೆಯುತ್ತಿತ್ತು!

ಈ ಪದ್ಧತಿಗೆ ಅಡ್ಡ ನಿಂತವನು ಅರಮನೆಯವನೇ. 1863ರಲ್ಲಿ ಹುಟ್ಟಿದ ಗ್ರ್ಯಾಂಡ್ ಡ್ಯೂಕ್ ಗೆಯೊರ್ಗಿ ಮಿಖಾಯ್ಲೊವಿಚನು ಒಂದನೆಯ ನಿಕೊಲಾಸ್ ಚಕ್ರವರ್ತಿಯ ಮೊಮ್ಮಗ. ನಾಣ್ಯಪದಕಗಳನ್ನು ಕೂಡಿಹಾಕುವುದರಲ್ಲಿಯೇ ಅವನು ತೃಪ್ತನಾಗಲಿಲ್ಲ. ಒಂದೊಂದು ಆಳ್ವಿಕೆಯ ನಾಣ್ಯಗಳನ್ನೂ ರಾಜಪತ್ರಗಳೊಡನೆ ತಾಳೆಹಾಕಿ, 1888ರಿಂದ 1914ರವರೆಗೆ ಬೃಹತ್ ಸಂಪುಟಗಳನ್ನು ಹೊರತಂದನು. ಅವನ ಒತ್ತಾಯದಿಂದಲೇ 1890ರಲ್ಲಿ ನೊವೊದೆಲ್‌ಗಳ ತಯಾರಿಕೆ ನಿಂತಿತು. ತನಗೆ ಬೇಕಾದುದನ್ನು ಬಾಯಿಮಾತಿನಲ್ಲಿ ಹೊಡೆಸಿಕೊಳ್ಳಬಲ್ಲವನು ಆ ಬಾಗಿಲನ್ನು ತನಗೂ ಸೇರಿಸಿಯೇ ಮುಚ್ಚಿಸಿದನೆಂಬುದು ಸಣ್ಣ ಮಾತಲ್ಲ.

ಮುಂದೆ 1917ರ ಕ್ರಾಂತಿ ಬಂದಿತು. ಹೆಂಡತಿಯೂ ಇಬ್ಬರು ಹೆಣ್ಣುಮಕ್ಕಳೂ ಇಂಗ್ಲೆಂಡಿನಲ್ಲಿದ್ದರು. ಅವರನ್ನು ಮತ್ತೆ ಕಾಣುವ ಭಾಗ್ಯ ಅವನಿಗೆ ಒದಗಲಿಲ್ಲ. 1919ರ ಜನವರಿಯಲ್ಲಿ, ರಾಜವಂಶದ ಇತರ ಮೂವರೊಡನೆ, ಪೀಟರ್ ಮತ್ತು ಪಾಲ್ ಕೋಟೆಯಲ್ಲಿ ಅವನನ್ನು ಗುಂಡಿಟ್ಟು ಕೊಂದರು. 1724ರಲ್ಲಿ ಸ್ಥಾಪಿತವಾದ ಸೇಂಟ್ ಪೀಟರ್ಸ್‌ಬರ್ಗಿನ ಟಂಕಸಾಲೆ ಇರುವುದು ಅದೇ ಕೋಟೆಯೊಳಗೆ. ಯಾವ ಅಚ್ಚುಗಳ ಪ್ರಾಮಾಣಿಕತೆಗಾಗಿ ಅವನು ಹೆಣಗಿದನೋ ಆ ಅಚ್ಚುಗಳ ಮನೆಯ ನೆರಳಿನಲ್ಲಿಯೇ ಅವನ ಬಾಳು ಮುಗಿಯಿತು.

ಅವನ ಸಂಗ್ರಹವೂ ನೆಲೆ ತಪ್ಪಿ ಕೈಯಿಂದ ಕೈಗೆ ಅಲೆಯಿತು. ಕಡೆಗೆ ಅದರ ಬಹುಭಾಗವು ಡು ಪಾಂಟ್ ಮನೆತನದವರೊಬ್ಬರ ದಾನವಾಗಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯನ್ನು ಸೇರಿತು. ಪದಕಗಳಲ್ಲಿ ಮೆರೆದ ಸಿಂಹಾಸನವು ಉಳಿಯಲಿಲ್ಲ. ಆದರೆ ಇಂದಿಗೂ ರಷ್ಯದ ಹಳೆಯ ನಾಣ್ಯವೊಂದನ್ನು ಕೈಯಲ್ಲಿ ಹಿಡಿದು ಇದು ಅಸಲೋ ಅಲ್ಲವೋ ಎಂದು ಶಂಕಿಸುವವನು, ಆ ಗ್ರ್ಯಾಂಡ್ ಡ್ಯೂಕನ ಸಂಪುಟಗಳನ್ನೇ ತೆರೆಯುತ್ತಾನೆ. ಕೂಡಿಟ್ಟದ್ದು ಕೈಬಿಟ್ಟು ಹೋದೀತು. ಒರೆಗೆ ಹಚ್ಚಿ ಬರೆದಿಟ್ಟದ್ದು ಹಾಗೆ ಹೋಗದು.