ಆಮಿಷ ಯಾವುದು ಸ್ವಾಮಿ?

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷ ನಮ್ಮ ಕೇರಿಗಳಿಂದ ಬೆಂಗಳೂರು ಬಸ್ಸು ಹತ್ತೋರು ಹೆಚ್ಚು. ದೊಡ್ಡವರು ಗಾರೆ ಕೆಲಸಕ್ಕೆ. ಅವರ ಹಿಂದೆ ಶಾಲೆ ಬಿಟ್ಟ ಹುಡುಗ್ರು ಹೋಟೆಲ್ಲಿಗೆ, ಗ್ಯಾರೇಜಿಗೆ. ಮೆಜೆಸ್ಟಿಕ್ಕಿನಲ್ಲಿ ಒಂಟಿಯಾಗಿ ಇಳಿದ ಹುಡುಗನನ್ನು ಮೊದಲು ಮಾತಾಡಿಸೋರು ಯಾರು? ಏಜೆಂಟು, ಇಲ್ಲಾ ಪೊಲೀಸು. ಇವರ ಮಧ್ಯೆ ಮೂರನೆಯವರಾಗಿ ಬಂದು ನಿಂತವರು ಬಾಸ್ಕೋದವರು.

ಇವರು ಯಾರು ಅಂತ ಹಾಸ್ಟೆಲಿನ ಗೆಳೆಯರು ತಿಳ್ಕೋಬೇಕು. ಪೂರ್ತಿ ಹೆಸರು ಬೆಂಗಳೂರು ಓಣಿಯವರ ಸೇವಾ ಕೂಟ. 1980ರಲ್ಲಿ ಇದನ್ನು ಶುರುಮಾಡಿದವರು ಡಾನ್ ಬಾಸ್ಕೋ ಪಂಥದಲ್ಲಿ ಪಾದ್ರಿಯಾಗಲು ಓದುತ್ತಿದ್ದ ವಿದ್ಯಾರ್ಥಿಗಳು. ಹೌದು, ವಿದ್ಯಾರ್ಥಿಗಳು! ಬೋರ್ಡು ಹಾಕಿಕೊಂಡು ಕಾಯುತ್ತಾ ಕೂರಲಿಲ್ಲ. ಚಿಂದಿ ಆಯುವ ಹುಡುಗರ ಜೊತೆ ಬೀದಿಯಲ್ಲೇ ಗೆಳೆತನ ಮಾಡಿದರು. ಮಲಗೋಕೆ ಜಾಗ, ಓದು, ಕಸುಬು ಎಲ್ಲ ಆಮೇಲೆ ಬಂತು.

ಇವರ ಮೂಲಪುರುಷ ಡಾನ್ ಬಾಸ್ಕೋ (1815-1888) ಇಟಲಿಯ ಟ್ಯೂರಿನ್ ಪಟ್ಟಣದಲ್ಲಿ ಮಾಡಿದ ಒಂದು ಕೆಲಸ ನನಗೆ ಅವರ ಎಲ್ಲ ಉಪದೇಶಕ್ಕಿಂತ ದೊಡ್ಡದಾಗಿ ಕಾಣುತ್ತೆ. ಬಡ ಹುಡುಗರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಮಾಲೀಕರಿಂದ 1850ರ ದಶಕದಲ್ಲೇ ಕರಾರುಪತ್ರ ಬರೆಸಿಕೊಂಡರು: ಕಸುಬು ಕಲಿಸಬೇಕು, ಕೂಲಿ ಕೊಡಬೇಕು, ಹೊಡೆಯಬಾರದು, ಹಬ್ಬದ ದಿನ ರಜೆ. ಅನ್ನ ಹಾಕೋರು ಊರಿಗೆ ಹತ್ತು ಜನ ಸಿಗ್ತಾರೆ. ಮಾಲೀಕನ ಸಹಿ ಕೇಳೋರು?

ಇದೆಲ್ಲ ಮತಾಂತರದ ಆಮಿಷ ಅಂತ ನಮ್ಮಲ್ಲೇ ಕೆಲವರು ಗೊಣಗ್ತಾರೆ. ಆ ಗೊಣಗಾಟ ಕಾಯಿದೆಯೇ ಆಯ್ತು. 2022ರ ಕರ್ನಾಟಕದ ಮತಾಂತರ ಕಾಯಿದೆ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಸಿಗುವ ಉಚಿತ ಶಿಕ್ಷಣವನ್ನೂ ಆಮಿಷದ ಪಟ್ಟಿಗೆ ಸೇರಿಸಿತು. ಯಾರನ್ನು ಮತಾಂತರಿಸಿದರೆ ಹೆಚ್ಚು ಶಿಕ್ಷೆ? ಅಪ್ರಾಪ್ತರು, ಬುದ್ಧಿಸ್ವಾಧೀನ ಇಲ್ಲದವರು, ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು. ಎಲ್ಲ ಒಂದೇ ಸಾಲು! ಎಂ.ಎ. ಓದಿದ ದಲಿತನೂ ತನ್ನ ಧರ್ಮ ತಾನು ಆರಿಸಿಕೊಳ್ಳಲಾರದ ಕೂಸು. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರ ಜೊತೆ ಬೌದ್ಧರಾದ ಲಕ್ಷಾಂತರ ಜನ ಬುದ್ಧಿ ಇಲ್ಲದವರೇನು? 2023ರ ಜೂನಿನಲ್ಲಿ ಸಚಿವ ಸಂಪುಟ ಕಾಯಿದೆ ರದ್ದು ಮಾಡಲು ತೀರ್ಮಾನಿಸಿತು, ಸರಿ. ಆದರೆ 1950ರ ರಾಷ್ಟ್ರಪತಿ ಆದೇಶ ಹಾಗೇ ಇದೆ. ಅದಕ್ಕೆ 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ದಲಿತ ಕ್ರೈಸ್ತನಾದರೆ ಇವತ್ತಿಗೂ ಪರಿಶಿಷ್ಟ ಜಾತಿಯವನಲ್ಲ. ಹಿಂದೂ ಆಗೇ ಇದ್ದರೆ ಸವಲತ್ತು, ಚರ್ಚಿಗೆ ಹೋದರೆ ಕಡಿತ. ಇದು ಯಾವ ಆಮಿಷ ಸ್ವಾಮಿ?

(ಚರ್ಚಿನ ಒಳಗೂ ಜಾತಿ ಇದೆ. ದಲಿತ ಕ್ರೈಸ್ತರನ್ನು ಕೇಳಿ, ಹೇಳ್ತಾರೆ.)

ಆ ವಿದ್ಯಾರ್ಥಿಗಳು ರಸ್ತೆಗೆ ಇಳಿದರು. ನಾವು ಸರ್ಕಾರಿ ಹಾಸ್ಟೆಲಿನಲ್ಲಿ ಉಂಡು ಓದ್ತಿರೋರು. ನಮ್ಮ ಕೇರಿಯ ಹುಡುಗನನ್ನು ಬೆಂಗಳೂರಿನ ಪಾದ್ರಿಗಳೇ ಹುಡುಕಬೇಕಾ? ಈ ದಸರಾ ರಜೆಗೆ ಊರಿಗೆ ಹೋದಾಗ ಶಾಲೆ ಬಿಟ್ಟವರು ಎಷ್ಟು ಜನ, ಯಾವ ಮೇಸ್ತ್ರಿ ಕರೆದುಕೊಂಡು ಹೋದ, ಎಲ್ಲಿಗೆ, ಎಷ್ಟು ಕೂಲಿ ಅಂತ ಬರೆದುಕೊಂಡು ಬನ್ನಿ. ಹದಿನಾಲ್ಕು ತುಂಬದವರನ್ನು ದುಡಿಸೋದು ಅಪರಾಧ. ಎರಡೂ ತಾಲೂಕಿನ ಪಟ್ಟಿ ಸೇರಿಸಿ ಕಾರ್ಮಿಕ ನಿರೀಕ್ಷಕರ ಮೇಜಿನ ಮೇಲೆ ಇಟ್ಟು, ರಸೀದಿ ಕೇಳೋಣ.