ಮಾಹಿತಿ ಗಡಿ ದಾಟಿದರೂ ಹೊಣೆ ತಪ್ಪಬಾರದು



ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದ ಮೇಲೆ ಹೆಚ್ಚಾಗಿ ಕೇಳಿಬರುತ್ತಿರುವ ಪ್ರಶ್ನೆ, ಭಾರತೀಯರ ಮಾಹಿತಿ ಭಾರತದ ಸರ್ವರ್‌ಗಳಲ್ಲೇ ಇರಬೇಕೇ ಎಂಬುದು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯಿದೆ. ಮಾಹಿತಿ ಎಲ್ಲೇ ಇರಲಿ, ಅದು ದುರುಪಯೋಗವಾದಾಗ ಉತ್ತರ ಹೇಳಬೇಕಾದವರು ಯಾರು, ನೊಂದವರಿಗೆ ನಷ್ಟ ಕಟ್ಟಿಕೊಡುವವರು ಯಾರು? ಇದಕ್ಕೆ ನಮ್ಮ ಕಾಯ್ದೆ ಕೊಟ್ಟಿರುವ ಉತ್ತರ ತೀರಾ ದುರ್ಬಲ ಎಂಬುದು ನನ್ನ ಆಕ್ಷೇಪ.

ಮನೆಮನೆಗೆ ದಿನಸಿ ತಲುಪಿಸುವ ಬಿಗ್‌ಬಾಸ್ಕೆಟ್ ಬೆಂಗಳೂರಿನದೇ ಕಂಪನಿ. 2020ರ ನವೆಂಬರ್‌ನಲ್ಲಿ ಅದರ ಸುಮಾರು 2 ಕೋಟಿ ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರು, ಇಮೇಲ್ ವಿವರಗಳು ಕಳ್ಳಸಂತೆಯಲ್ಲಿ ಮಾರಾಟಕ್ಕಿವೆ ಎಂಬುದನ್ನು ಬಯಲಿಗೆ ತಂದದ್ದು ಸೈಬಲ್ ಎಂಬ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ. ಕಂಪನಿ ನಗರದ ಸೈಬರ್ ಪೊಲೀಸರಿಗೆ ದೂರು ಕೊಟ್ಟಿತು, ಕಾರ್ಡ್ ವಿವರಗಳು ಸೋರಿಲ್ಲ ಎಂದಿತು. 2021ರ ಏಪ್ರಿಲ್‌ನಲ್ಲಿ ಅದೇ ಮಾಹಿತಿಯನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳುವಂತೆ ಹರಿಯಬಿಡಲಾಯಿತು. ಕಂಪನಿ ಇಲ್ಲಿನದು, ಗ್ರಾಹಕರೂ ಇಲ್ಲಿನವರು. ಸರ್ವರ್ ಎಲ್ಲಿದೆ ಎಂಬುದೊಂದೇ ಗ್ರಾಹಕರನ್ನು ಕಾಪಾಡಲಾರದು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಗಡಿಯಾಚೆಗಿನ ಅಪಾಯವೂ ಸುಳ್ಳಲ್ಲ. ಸಾಲದ ಆ್ಯಪ್‌ಗಳ ಹಾವಳಿಯನ್ನೇ ನೋಡಿ. ಶಿವಾಜಿನಗರದ ತಳ್ಳುಗಾಡಿ ವ್ಯಾಪಾರಿಗೆ ಐದು ಸಾವಿರ ರೂಪಾಯಿ ತುರ್ತಾಗಿ ಬೇಕಾದರೆ ಆ್ಯಪ್ ಕೇಳುವುದು ಜಾಮೀನನ್ನಲ್ಲ, ಫೋನಿನಲ್ಲಿರುವ ಸಂಪರ್ಕ ಪಟ್ಟಿಯನ್ನು. ಇಂಗ್ಲಿಷ್‌ನಲ್ಲಿರುವ ಪರದೆಯ ಮೇಲೆ ಒಮ್ಮೆ ಒತ್ತಿದರೆ ಭಾವಮೈದುನ, ಮನೆ ಮಾಲೀಕರು, ಮಗಳ ಶಾಲೆಯ ಮೇಷ್ಟ್ರು, ಎಲ್ಲರ ನಂಬರುಗಳೂ ಎಲ್ಲಿದ್ದಾರೆಂದು ಗೊತ್ತಿಲ್ಲದವರ ಕೈಸೇರುತ್ತವೆ. ಕಂತು ತಪ್ಪಿದ ದಿನ ಅವರೆಲ್ಲರಿಗೂ ಬೈಗುಳದ ಕರೆ ಹೋಗುತ್ತದೆ. ಅವರಲ್ಲಿ ಒಬ್ಬರೂ ಒಪ್ಪಿಗೆ ಕೊಟ್ಟವರಲ್ಲ, ಸಾಲ ಮಾಡಿದವರೂ ಅಲ್ಲ. ಬೆಂಗಳೂರು ಸೈಬರ್ ಪೊಲೀಸರು ದಾಖಲಿಸಿದ್ದ 18 ಎಫ್‌ಐಆರ್‌ಗಳ ಆಧಾರದ ಮೇಲೆ ಜಾರಿ ನಿರ್ದೇಶನಾಲಯ 2022ರ ಸೆಪ್ಟೆಂಬರ್‌ನಲ್ಲಿ ನಗರದ ಆರು ಕಡೆ ಶೋಧ ನಡೆಸಿತು. ಈ ಆ್ಯಪ್‌ಗಳ ಹಿಂದಿರುವ ಕಂಪನಿಗಳ ಹಿಡಿತ ಚೀನೀಯರ ಕೈಯಲ್ಲಿದೆ ಎಂದು ಅದು ಹೇಳಿತು. ಅದೇ ತಿಂಗಳು ರಿಸರ್ವ್ ಬ್ಯಾಂಕ್ ಹೊರಡಿಸಿದ ಮಾರ್ಗಸೂಚಿ, ಸಾಲದ ಆ್ಯಪ್‌ಗಳು ಸಂಪರ್ಕ ಪಟ್ಟಿ, ಕರೆಗಳ ದಾಖಲೆ, ಫೋಟೊಗಳನ್ನು ಮುಟ್ಟುವಂತಿಲ್ಲ ಎಂದಿತು. ಮಾಹಿತಿ ಭಾರತದ ಸರ್ವರ್‌ನಲ್ಲೇ ಇರಬೇಕೆಂದೂ ಹೇಳಿತು. ನನ್ನ ದೃಷ್ಟಿಯಲ್ಲಿ ಇವುಗಳಲ್ಲಿ ಹೆಚ್ಚು ಬೆಲೆಯುಳ್ಳದ್ದು ಮೊದಲನೆಯದೇ. ಮೊದಲಿಗೇ ಕಿತ್ತುಕೊಳ್ಳದ ಮಾಹಿತಿ ಯಾವ ದೇಶಕ್ಕೂ ಹೋಗದು.

ಈಗ 2023ರ ಈ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ಬರೋಣ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ್ದರ ಫಲ ಈ ಕಾಯ್ದೆ. ಆದರೆ ಅದರ 16ನೇ ಸೆಕ್ಷನ್ ಪ್ರಕಾರ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ಬಂಧಿಸಿದ ದೇಶಗಳನ್ನು ಬಿಟ್ಟು ಬೇರೆಲ್ಲಿಗೂ ಮಾಹಿತಿ ಕಳಿಸಬಹುದು. ಯಾವ ಮಾನದಂಡದ ಮೇಲೆ ನಿರ್ಬಂಧ, ಹೋದ ಕಡೆ ಎಂಥ ರಕ್ಷಣೆ ಇರಬೇಕು ಎಂಬ ಮಾತೇ ಆ ಸೆಕ್ಷನ್‌ನಲ್ಲಿಲ್ಲ. ತಪ್ಪಿತಸ್ಥ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡವಿದೆ, ನಿಜ. ಆ ಹಣ ಹೋಗುವುದು ಸರ್ಕಾರದ ಸಂಚಿತ ನಿಧಿಗೆ. ನೊಂದವರಿಗೆ ಪರಿಹಾರ ಕೊಡಿಸಲು ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿದ್ದ 43ಎ ಸೆಕ್ಷನ್ನನ್ನೂ ಹೊಸ ಕಾಯ್ದೆ ತೆಗೆದುಹಾಕುತ್ತದೆ. ಇದು ಹಿಂದಕ್ಕಿಟ್ಟ ಹೆಜ್ಜೆ.

ಇನ್ನೂ ಗಂಭೀರವಾದದ್ದು 17ನೇ ಸೆಕ್ಷನ್. ವಿದೇಶಿ ಕಂಪನಿಯೊಂದಿಗಿನ ಒಪ್ಪಂದದಂತೆ, ಭಾರತದಲ್ಲಿಲ್ಲದವರ ಮಾಹಿತಿಯನ್ನು ಇಲ್ಲಿ ಸಂಸ್ಕರಿಸಿದರೆ ಕಾಯ್ದೆಯ ಬಹುಪಾಲು ಕರ್ತವ್ಯಗಳಿಂದ ವಿನಾಯಿತಿ. ಭದ್ರತೆ ಕಾಯಬೇಕು, ಸರಿ. ಆದರೆ ಸೋರಿಕೆಯಾದರೆ ಆ ವ್ಯಕ್ತಿಗೆ ತಿಳಿಸುವ ಕರ್ತವ್ಯ ಇಲ್ಲ, ತಿದ್ದಿಸುವ, ಅಳಿಸುವ ಹಕ್ಕು ಅವರಿಗಿಲ್ಲ. ದೊಮ್ಮಲೂರಿನಿಂದ ಕೆ.ಆರ್. ಪುರ ದಾಟಿ ವೈಟ್‌ಫೀಲ್ಡ್‌ವರೆಗಿನ ಟೆಕ್ ಪಾರ್ಕ್‌ಗಳಲ್ಲಿ ನಡೆಯುವ ಕೆಲಸದಲ್ಲಿ ದೊಡ್ಡ ಪಾಲು ಇಂಥದ್ದೇ. ಒಪ್ಪಂದದಲ್ಲೇ ಎಲ್ಲ ಷರತ್ತು ಇರುತ್ತದೆ, ಎರಡೆರಡು ಕಾನೂನಿನ ಹೊರೆ ಏಕೆ ಎಂದು ಉದ್ಯಮದವರು ಕೇಳಬಹುದು. ಒಪ್ಪಂದ ಇರುವುದು ಎರಡು ಕಂಪನಿಗಳ ನಡುವೆ, ಮಾಹಿತಿಯ ಒಡೆಯ ಅದರಲ್ಲಿ ಪಕ್ಷಗಾರನೇ ಅಲ್ಲ. 2006ರಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕಿನ ಬೆಂಗಳೂರು ಕೇಂದ್ರದ ಉದ್ಯೋಗಿಯೊಬ್ಬ ಬ್ರಿಟನ್ ಗ್ರಾಹಕರ ಖಾತೆ ವಿವರ ಹೊರಗೆ ಕೊಟ್ಟ ಆರೋಪದಲ್ಲಿ ಬಂಧಿತನಾದಾಗ ಇಡೀ ನಗರದ ಹೊರಗುತ್ತಿಗೆ ಉದ್ಯಮದ ಹೆಸರಿಗೆ ಮಸಿ ಹತ್ತಿತು. ವ್ಯಾಪಾರದ ಲೆಕ್ಕದಲ್ಲೂ ಈ ವಿನಾಯಿತಿ ಲಾಭವಲ್ಲ. ಜಪಾನ್ 2019ರಲ್ಲಿ, ದಕ್ಷಿಣ ಕೊರಿಯಾ 2021ರಲ್ಲಿ ತಮ್ಮ ಕಾನೂನು ಸಾಕಷ್ಟು ಗಟ್ಟಿ ಎಂಬ ಮಾನ್ಯತೆಯನ್ನು ಐರೋಪ್ಯ ಒಕ್ಕೂಟದಿಂದ ಪಡೆದವು. ಅದರಿಂದ ಅಲ್ಲಿನ ಕಂಪನಿಗಳಿಗೆ ಯುರೋಪಿನ ಮಾಹಿತಿ ಸಲೀಸಾಗಿ ಬರುತ್ತದೆ. ಬೇರೆಯವರ ಮಾಹಿತಿಗೆ ನಾವು ಕೊಡದ ರಕ್ಷಣೆಯನ್ನು ನಮ್ಮ ಮಾಹಿತಿಗೆ ಅವರಿಂದ ಯಾವ ಬಾಯಲ್ಲಿ ಕೇಳೋಣ?

ಎಲ್ಲವನ್ನೂ ದೇಶದೊಳಗೇ ಇಟ್ಟರೆ ತನಿಖೆ ಸುಲಭ ಎನ್ನುವ ವಾದದಲ್ಲಿ ಹುರುಳಿದೆ. ಅಮೆರಿಕದ 2018ರ ಕ್ಲೌಡ್ ಕಾಯ್ದೆಯ ಪ್ರಕಾರ, ತನ್ನ ಕಂಪನಿಗಳು ಬೇರೆ ದೇಶದಲ್ಲಿಟ್ಟ ಮಾಹಿತಿಯನ್ನೂ ಅಮೆರಿಕ ಸರ್ಕಾರ ಕೇಳಬಹುದು. ಹಣ ಪಾವತಿಯ ಮಾಹಿತಿ ಇಲ್ಲೇ ಇರಬೇಕೆಂದು 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಹೇಳಿದ್ದನ್ನು, ನಮ್ಮ ತನಿಖೆಗೂ ಅಂಥ ಅವಕಾಶ ಇರಲೆಂದು, ಒಪ್ಪುತ್ತೇನೆ. ಆದರೆ ಇಲ್ಲಿಟ್ಟ ಮಾಹಿತಿಯ ಮೇಲೆ ಪ್ರಜೆಗೆ ಹಿಡಿತವಿದೆಯೇ? ಸರ್ಕಾರ ತಾನು ಸೂಚಿಸಿದ ಸಂಸ್ಥೆಗಳನ್ನು ಕಾಯ್ದೆಯಿಂದಲೇ ಹೊರಗಿಡಬಲ್ಲದು. ಹಿಡಿತ ಕೊಡುವುದು ಚಿಕ್ಕ ಕಂಪನಿಗಳಿಗೆ ಭಾರ ಎಂಬ ಮಾತೂ ಇದೆ. 2021ರ ಸೆಪ್ಟೆಂಬರ್‌ನಿಂದ ನಡೆಯುತ್ತಿರುವ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆಯಲ್ಲಿ ಬ್ಯಾಂಕ್ ಖಾತೆಯ ಯಾವ ವಿವರ, ಯಾವ ಕಾರಣಕ್ಕೆ, ಎಷ್ಟು ಕಾಲ ಎಂಬುದನ್ನು ಗ್ರಾಹಕರು ನೋಡಿ ಒಪ್ಪಬಹುದು, ಒಪ್ಪಿಗೆ ಹಿಂಪಡೆಯಬಹುದು. ಬ್ಯಾಂಕಿಗೆ ಸಾಧ್ಯವಾದದ್ದು ದಿನಸಿ ಆ್ಯಪ್‌ಗೆ, ರಕ್ತಪರೀಕ್ಷೆಯ ಲ್ಯಾಬ್‌ಗೆ ಏಕೆ ಅಸಾಧ್ಯ? 2018 ಮತ್ತು 2019ರ ಕರಡುಗಳಲ್ಲಿದ್ದ, ತಮ್ಮ ಮಾಹಿತಿಯನ್ನು ಬೇರೆ ಕಂಪನಿಗೆ ಒಯ್ಯುವ ಹಕ್ಕನ್ನು ಕಾಯ್ದೆಯಲ್ಲಿ ಕೈಬಿಟ್ಟದ್ದೂ ತಪ್ಪು.

ಕಾಯ್ದೆಯ ಮುಖ್ಯ ಭಾಗಗಳ ಜಾರಿಗೆ 18 ತಿಂಗಳ ಅವಕಾಶ ಕೊಟ್ಟಿರುವುದರಿಂದ ತಿದ್ದುಪಡಿಗೆ ಇದೇ ಸಮಯ. ಬೆಂಗಳೂರು ಕೇಂದ್ರ ಮತ್ತು ಉತ್ತರ ಕ್ಷೇತ್ರಗಳ ಸಂಸದರು ಮೂರು ವಿಷಯಗಳಿಗೆ ಪಟ್ಟು ಹಿಡಿಯಬೇಕು: ಮಾಹಿತಿ ಹೋದಲ್ಲೆಲ್ಲ ಕಳಿಸಿದ ಕಂಪನಿಯೇ ಹೊಣೆಯಾಗಿರಬೇಕು, 17ನೇ ಸೆಕ್ಷನ್‌ನ ಹೊರಗುತ್ತಿಗೆ ವಿನಾಯಿತಿ ರದ್ದಾಗಬೇಕು, ನೊಂದವರಿಗೆ ಪರಿಹಾರ ಸಿಗಬೇಕು. ಓದುಗರಲ್ಲಿ ಒಂದು ವಿನಂತಿ. ಸಮ್ಮತಿ ಕೇಳುವ ಸೂಚನೆಯನ್ನು ಕನ್ನಡದಲ್ಲಿ ಓದುವ ಅವಕಾಶವನ್ನು ಈ ಕಾಯ್ದೆಯೇ ಕೊಡುತ್ತದೆ. ಆ ಭಾಗ ಜಾರಿಗೆ ಬಂದ ದಿನದಿಂದಲೇ ಅದನ್ನು ಕೇಳಿ ಪಡೆಯಿರಿ.

— ಓದುಗ, ಹಲಸೂರು, ಬೆಂಗಳೂರು