ಮಣಿಕಟ್ಟಿನ ಹಾಜರಿ



ಮೂವತ್ತನಾಲ್ಕು ವರ್ಷ ಪ್ರತಿದಿನ ಬೆಳಿಗ್ಗೆ ನಾನು ಮಾಡುತ್ತಿದ್ದ ಮೊದಲ ಕೆಲಸ ಹಾಜರಿ ಕರೆಯುವುದು. ‘ಹಾಜರ್ ಸಾರ್’ ಎಂಬ ಧ್ವನಿಯಿಂದಲೇ ಯಾರಿಗೆ ಜ್ವರ, ಯಾರು ಹಸಿದು ಬಂದಿದ್ದಾರೆ ಎಂಬುದು ತಿಳಿಯುತ್ತಿತ್ತು. ಈಗ ನಮ್ಮ ಮನೆತನದಲ್ಲಿ ಇನ್ನೊಂದು ಬಗೆಯ ಹಾಜರಿ ಆರಂಭವಾಗಿದೆ. ಅದರ ಬಗ್ಗೆ ನನ್ನ ಅಭಿಪ್ರಾಯವನ್ನು ಬರೆದಿಡಬೇಕೆನಿಸಿತು.

ಶಿವಮೊಗ್ಗದಲ್ಲಿ ನಮ್ಮ ಹಿಂದಿನ ಬೀದಿಯಲ್ಲಿರುವ ನನ್ನ ಅಕ್ಕನನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಶಾಲಾ ವಾರ್ಷಿಕೋತ್ಸವಕ್ಕೆ ಡಬ್ಬಿಗಟ್ಟಲೆ ಕೋಡುಬಳೆ ಕಳಿಸುತ್ತಿದ್ದವಳು ಅವಳೇ. ಎಂಬತ್ತೊಂದರ ಅಕ್ಕನಿಗೆ ಈಗ ಡಿಮೆನ್ಷಿಯಾ. ಮೊದಮೊದಲು ‘ಅರವತ್ತಕ್ಕೆ ಅರಳುಮರಳು’ ಎಂದು ನಾವೆಲ್ಲ ನಕ್ಕೆವು. ಆ ಗಾದೆಯನ್ನು ನಂಬಿ ವೈದ್ಯರ ಬಳಿ ಹೋಗುವುದನ್ನು ಒಂದು ವರ್ಷ ಮುಂದೂಡಿದೆವು. 1906ರಷ್ಟು ಹಿಂದೆಯೇ ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ ಅವರು ತಮ್ಮ ರೋಗಿಯೊಬ್ಬಳ ಮಿದುಳಿನಲ್ಲಿ ಕಂಡ ಬದಲಾವಣೆಗಳನ್ನು ವೈದ್ಯರ ಸಭೆಯ ಮುಂದಿಟ್ಟಿದ್ದರು. ಇದು ಮುಪ್ಪಿನ ಸಹಜ ಮರೆವಲ್ಲ, ಕಾಯಿಲೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, ಭಾರತದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು, ಎಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ.

ಅಮೆರಿಕದಲ್ಲಿರುವ ಅಕ್ಕನ ಮಗ ಕಳೆದ ವರ್ಷ ಒಂದು ಗಡಿಯಾರ ಕಳಿಸಿದ. ಅದು ಉಪಗ್ರಹಗಳ ಸಂಕೇತದಿಂದ ತಾನಿರುವ ಜಾಗವನ್ನು ಲೆಕ್ಕ ಹಾಕಿ, ಒಳಗಿನ ಸಿಮ್ ಮೂಲಕ ಅವನ ಮೊಬೈಲಿಗೆ ತಿಳಿಸುತ್ತದೆ. ಮನೆಯ ಸುತ್ತ ಕಾಣದ ಬೇಲಿಯೊಂದನ್ನು ಗುರುತಿಸಿಟ್ಟರೆ, ಅದನ್ನು ದಾಟಿದೊಡನೆ ಎಚ್ಚರಿಸುತ್ತದೆ. ಬಿದ್ದರೂ ಸುದ್ದಿ ಕೊಡುತ್ತದೆ. “ಮಾವ, ರಾತ್ರಿ ಎಚ್ಚರವಾದಾಗ ಆ ಚುಕ್ಕಿ ಮನೆಯಲ್ಲೇ ಇದೆ ಅಂತ ನೋಡಿದರೆ ನಿದ್ದೆ ಬರುತ್ತೆ” ಎಂದ. ದೂರದಲ್ಲಿರುವ ಮಗನ ಸಂಕಟವನ್ನು ಹಗುರವಾಗಿ ಕಾಣುವವನು ನಾನಲ್ಲ. ಗಡಿಯಾರವನ್ನು ಅಕ್ಕನ ಕೈಗೆ ಕಟ್ಟಿದವನು ನಾನೇ. “ಏನೋ ಇದು?” ಎಂದು ಅವಳು ಕೇಳಿದಾಗ, “ಬಿ.ಪಿ. ನೋಡೋ ಗಡಿಯಾರ ಅಕ್ಕ” ಎಂದುಬಿಟ್ಟೆ. ಸುಳ್ಳು ಹೇಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ಮೇಷ್ಟ್ರು ಹೇಳಿದ ಸುಳ್ಳು ಇದು.

ಕಾರ್ತಿಕ ಮಾಸದ ಒಂದು ಸಂಜೆ, ನೋಡಿಕೊಳ್ಳುವ ಹೆಂಗಸು ಕಾಫಿ ಮಾಡುತ್ತಿದ್ದಾಗ ಅಕ್ಕ ಹೊರಟುಹೋದಳು. ಮೊಬೈಲಿನಲ್ಲಿ ಚುಕ್ಕಿ ಮನೆಯಲ್ಲೇ ಇತ್ತು. ಅವಳು ಗಡಿಯಾರ ಬಿಚ್ಚಿ ಅಕ್ಕಿ ಡಬ್ಬಿಯಲ್ಲಿ ಹಾಕಿದ್ದಳು. ಎಂದೋ ಮಾರಿಹೋದ ತೀರ್ಥಹಳ್ಳಿ ಬಳಿಯ ತವರುಮನೆಗೆ ಹೋಗಲು ಬಸ್ ನಿಲ್ದಾಣದ ದಾರಿ ಹಿಡಿದಿದ್ದಳು. ಬಹುಕಾಲ ಅಕ್ಕನಿಗೆ ಮಲ್ಲಿಗೆ ಮಾರಿದ ಹೂವಿನವಳು ಗುರುತು ಹಿಡಿದು, ಪಕ್ಕದಲ್ಲಿ ಕೂರಿಸಿಕೊಂಡು, ತನ್ನ ಮಗನನ್ನು ನಮ್ಮ ಮನೆಗೆ ಓಡಿಸಿದಳು. ನಾನು ಹೋದಾಗ ಅಕ್ಕ ಹೂ ಕಟ್ಟುತ್ತಿದ್ದಳು.

ಹಾಗೆಂದು ಗಡಿಯಾರ ಬೇಡವೆಂದು ನಾನು ಹೇಳುವುದಿಲ್ಲ. ಅದು ಕೈಯಲ್ಲಿದ್ದ ದಿನ ಅಕ್ಕ ಎರಡು ಬೀದಿ ದಾಟುವ ಮೊದಲೇ ಸಿಕ್ಕಿದ್ದೂ ಉಂಟು. ಆದರೆ ಚಾರ್ಜ್ ಮುಗಿದರೆ ಅದು ಮೂಕ. ಗಟ್ಟಿ ಕಟ್ಟಡದೊಳಗೆ ಉಪಗ್ರಹದ ಸಂಕೇತ ಕ್ಷೀಣ. ಬಿಚ್ಚಿಟ್ಟರೆ ಅದು ಹೇಳುವುದು ತಾನಿರುವ ಜಾಗವನ್ನು ಮಾತ್ರ. ಜಪಾನಿನ ಇರುಮಾ ನಗರ 2016ರಲ್ಲಿ ಇನ್ನೊಂದು ದಾರಿ ಹಿಡಿಯಿತು: ಇಂಥ ಹಿರಿಯರ ಉಗುರಿಗೆ ಕ್ಯೂಆರ್ ಕೋಡ್ ಇರುವ ಪುಟ್ಟ ಚೀಟಿ ಅಂಟಿಸುವುದು. ಅದು ಯಾರನ್ನೂ ಹಿಂಬಾಲಿಸುವುದಿಲ್ಲ. ದಾರಿಹೋಕರು ನಿಂತು ನೋಡಿದರಷ್ಟೇ ಉಪಯೋಗ. ನಾವಾದರೋ ಮರ್ಯಾದೆಗೆ ಅಂಜಿ ಈ ಕಾಯಿಲೆಯನ್ನು ನೆರೆಹೊರೆಗೂ ಹೇಳುವುದಿಲ್ಲ. ಆ ಸಂಜೆಯ ಬಳಿಕ ನಾನು ಅಂಗಡಿಯವರಿಗೆ, ಆಟೋ ನಿಲ್ದಾಣದವರಿಗೆ ಎಲ್ಲವನ್ನೂ ತಿಳಿಸಿ ನನ್ನ ನಂಬರು ಕೊಟ್ಟು ಬಂದಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಕೇಳಿ ಕಟ್ಟಬೇಕು. ಕಾಯಿಲೆಯ ಆರಂಭದಲ್ಲಿ ಅಕ್ಕನಿಗೆ ‘ಬೇಕು’, ‘ಬೇಡ’ ಎನ್ನುವ ವಿವೇಕ ಚೆನ್ನಾಗಿಯೇ ಇತ್ತು. ಆಗ ನಾವು ಕೇಳಲಿಲ್ಲ. ಈಗ ಕೇಳಿದರೆ ಉತ್ತರವಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ಮುಂದೆ ಮಾನಸಿಕ ಕಾಯಿಲೆ ಬಂದರೆ ತನ್ನನ್ನು ಹೇಗೆ ನೋಡಿಕೊಳ್ಳಬೇಕು, ಹೇಗೆ ಕೂಡದು ಎಂದು ಮೊದಲೇ ಬರೆದಿಡುವ ಹಕ್ಕಿದೆ. ಗಡಿಯಾರದ ವಿಷಯದಲ್ಲೂ ಮನೆಮನೆಯಲ್ಲಿ ಅಂಥ ಮಾತುಕತೆ ನಡೆಯಲಿ.

ನನಗೂ ಎಪ್ಪತ್ತಾರು ನಡೆಯುತ್ತಿದೆ. ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬ ಎದುರು ಬಂದಾಗ ಹೆಸರು ತಕ್ಷಣ ನೆನಪಾಗಲಿಲ್ಲ. ಆದ್ದರಿಂದ ನನ್ನ ಮಕ್ಕಳು ಓದಲೆಂದೇ ಇಲ್ಲಿ ಬರೆದಿಡುತ್ತೇನೆ: ಅಗತ್ಯ ಬಿದ್ದರೆ ನನಗೂ ಗಡಿಯಾರ ಕಟ್ಟಿ, ನನ್ನ ಒಪ್ಪಿಗೆಯಿದೆ. ಅದು ಏನೆಂದು ನಿಜ ಹೇಳಿ. ಮರೆತರೆ ಮತ್ತೆ ಹೇಳಿ. ಚುಕ್ಕಿಯನ್ನು ನೀವಿಬ್ಬರು ಮಾತ್ರ ನೋಡಿ. ಸಂಜೆಯ ತಿರುಗಾಟ ನಿಲ್ಲಿಸಬೇಡಿ. ಗಡಿಯಾರ ಬಂದ ಮೇಲೆ ಅಕ್ಕನಿಗೆ ನಿತ್ಯ ಬರುತ್ತಿದ್ದ ಫೋನು ವಾರಕ್ಕೊಂದಾಯಿತು. ನನ್ನ ವಿಷಯದಲ್ಲಿ ಹಾಗೆ ಮಾಡಬೇಡಿ. ದಿನಕ್ಕೊಮ್ಮೆ ಹೆಸರು ಹಿಡಿದು ಮಾತನಾಡಿಸಿ. ‘ಹಾಜರ್’ ಎನ್ನಲು ಆಗದಿದ್ದರೂ ನನ್ನ ದನಿಯನ್ನು ಕೇಳಿಸಿಕೊಳ್ಳಿ.